ಬಂಗಲೆಯ ಮೆಟ್ಟಿಲು

ಆಲ್ದೂರಿನ ದಿನಸಿ ಅಂಗಡಿಯ ಚೆನ್ನವೀರಪ್ಪನವರು ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಮೇಲೆ ಇಂಗ್ಲಿಷ್ ಪತ್ರಿಕೆಯಲ್ಲಿ ಕೆಲಸದ ಜಾಹೀರಾತುಗಳನ್ನು ಓದುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ. ಮೈಸೂರಿನಲ್ಲಿ ಓದಿ ಬಂದ ಹುಡುಗರು ಅವರನ್ನು ಕೇಳಿಯೇ ಅರ್ಜಿ ಹಾಕುತ್ತಿದ್ದರು. ಸಾಹೇಬರ ಮುಂದೆ ಹೇಗೆ ನಿಲ್ಲಬೇಕೆಂದು ಕಲಿಸುತ್ತಿದ್ದವರೂ ಅವರೇ.

ಕಾಫಿ ಬೆಲೆ ಬಿದ್ದುಹೋಗಿದ್ದ ವರ್ಷ, ತೋಟದ ಕೂಲಿ ಗುರುವಯ್ಯನ ಮಗ ಜವರಯ್ಯ ಬಿ.ಎ. ಮುಗಿಸಿ ಬಂದ. ಅಪ್ಪ ದುಡಿಯುವ ಇಂಗ್ಲಿಷ್ ದೊರೆಯ ತೋಟದಲ್ಲೇ ಲೆಕ್ಕ ಬರೆಯುವ ರೈಟರ್ ಕೆಲಸ ಖಾಲಿಯಿತ್ತು. ಮನೆಯವರ ಆಸೆಯೆಲ್ಲ ಅದರ ಮೇಲೇ ಇತ್ತು.

"ದೊರೆ ಬಂಗ್ಲೆ ಮೆಟ್ಲಲ್ಲಿ ಬೂಟು ಬಿಚ್ಬೇಡ ಮಾರಾಯ. ನೀನು ಗ್ರಾಜುಯೇಟು," ಎಂದರು ಚೆನ್ನವೀರಪ್ಪನವರು.

"ಅಲ್ಲಿ ರೈಟ್ರೂ ಬರಿಗಾಲಲ್ಲೇ ಹತ್ತೋದು ಸ್ವಾಮಿ," ಎಂದ ಗುರುವಯ್ಯ.

"ಆ ರೈಟ್ರು ಬಿ.ಎ. ಓದಿದ್ರೇನೋ?"

ಹಣೆಗೆ ವಿಭೂತಿ ಹಚ್ಚಿ ಹುಡುಗನನ್ನು ಕಳಿಸಿದರು. ಅವನು ಬೂಟುಗಾಲಲ್ಲೇ ಹತ್ತಿದ. ದೊರೆ ಒಂದು ಪ್ರಶ್ನೆಯನ್ನೂ ಕೇಳದೆ ಹೊರಗಟ್ಟಿದ. ಮಗನಿಗೆ ಸೊಕ್ಕು ಕಲಿಸಿದ್ದಾನೆಂದು ಗುರುವಯ್ಯನ ಕೆಲಸವನ್ನೂ ಕೂಲಿ ಲೈನಿನ ಮನೆಯನ್ನೂ ಕಿತ್ತುಕೊಂಡ. ಅಪ್ಪ ಮಗ ಕಳಸದ ಕಡೆ ರಸ್ತೆಗೆ ಮಣ್ಣು ಹೊರಲು ಹೋದರು.

ಕೆಲವು ದಿನಗಳ ಮೇಲೆ ತೋಟದ ಮೇಸ್ತ್ರಿ ಅಂಗಡಿಗೆ ಬಂದ. "ಆ ಜಾಗ ಇನ್ನೂ ಖಾಲಿನೇ ಇದೆ ಯಜಮಾನ್ರೆ. ನಿಮ್ಮ ಮಗನೂ ಓದಿ ಮನೇಲೇ ಕೂತಿದಾನಲ್ಲ. ದೊರೆಗೆ ನಾನು ಹೇಳ್ತೀನಿ. ಬೂಟಿನ ಪಾಠ ಮಾತ್ರ ಅವನಿಗೆ ಮಾಡ್ಬೇಡಿ."

ಮಗ ಒಳಬಾಗಿಲಲ್ಲಿ ನಿಂತು ಕೇಳುತ್ತಿದ್ದ. ಚೆನ್ನವೀರಪ್ಪನವರು ಅವನ ಮುಖ ನೋಡಿದರು, ಆಮೇಲೆ ಮೇಸ್ತ್ರಿಯ ಕಡೆ ತಿರುಗಿದರು.

"ನನ್ನ ಮಾತಿಂದ ಅವ್ರ ಅನ್ನ ಹೋಯ್ತು. ಅದನ್ನ ತಂದು ನಮ್ಮ ಎಲೆಗೆ ಬಡಿಸ್ಬೇಡಪ್ಪ. ನೀನು ಹೋಗು," ಎಂದರು.