ಕೋಟೆಯಲ್ಲಿ ವರಪರೀಕ್ಷೆ

ಕೋಟೆಯಿರುವ ಊರಿನಲ್ಲಿ ವಾಸಿಸುವ ಮನುಷ್ಯ ಕೋಟೆಯನ್ನು ನೋಡುವುದಿಲ್ಲ ಎಂಬುದನ್ನು ಓದುಗ ಮಿತ್ರರು ಗಮನಿಸಿರಬಹುದು. ಪರಸ್ಥಳದವರು ರೈಲು ಹತ್ತಿ ಬಂದು, ಬಿಸಿಲಿನಲ್ಲಿ ಬೆಂದು, ಬಾಯಿ ತೆರೆದು ನೋಡಿ ಹೋಗುವ ಗೋಡೆಯ ಬುಡದಲ್ಲಿ ಸ್ಥಳೀಯನು ನೆರಳಿಗೆ ನಿಂತು ಬದನೆಕಾಯಿ ಆರಿಸುತ್ತಿರುತ್ತಾನೆ. ರಾಯಚೂರಿನಲ್ಲಿ ಆರು ವರ್ಷ ಮಾಸ್ತರಿಕೆ ಮಾಡಿದ್ದ ನಾನು ಇಂಥ ಸ್ಥಳೀಯರಲ್ಲಿ ಅಗ್ರಗಣ್ಯ. ಕೋಟೆಯ ದರವಾಜವೆಂದರೆ ನನಗೆ ಪೇಟೆಗೆ ಹೋಗುವ ಅಡ್ಡದಾರಿ. ಗುಡ್ಡದ ತುದಿಯ ದರ್ಬಾರಿನ ಕಟ್ಟಡವೆಂದರೆ ಕೆಳಗಿನಿಂದ ಕಾಣುವ ಒಂದು ಕಪ್ಪು ಆಕೃತಿ. ಅಷ್ಟಕ್ಕೇ ನನ್ನ ಇತಿಹಾಸಜ್ಞಾನ ಸಮಾಪ್ತವಾಗುತ್ತಿತ್ತು.

ಇಂಥವನನ್ನು ಇತಿಹಾಸಪಂಡಿತನನ್ನಾಗಿ ಮಾಡಿದ ಕೀರ್ತಿ ಮಾನ್ವಿಯಲ್ಲಿದ್ದ ನಮ್ಮ ದೊಡ್ಡಪ್ಪನವರಿಗೆ ಸಲ್ಲಬೇಕು. ನನಗಾಗ ಇಪ್ಪತ್ತೈದು, ಜಗತ್ತಿನಲ್ಲಿ ಮಹಾಯುದ್ಧ, ನಮ್ಮ ಮನೆಯಲ್ಲಿ ಕನ್ಯಾನ್ವೇಷಣೆ. ದೇವದುರ್ಗದ ಒಂದು ಮನೆತನಕ್ಕೆ ದೊಡ್ಡಪ್ಪ ಪತ್ರ ಬರೆಯಲು ಕುಳಿತರು. ಹುಡುಗನ ಸಂಬಳ ಬರೆಯುವಂತಿರಲಿಲ್ಲ, ರೂಪ ವರ್ಣಿಸುವಂತಿರಲಿಲ್ಲ. ಅನಿವಾರ್ಯವಾಗಿ ವಿದ್ವತ್ತನ್ನು ಬರೆದರು. ರಾಯಚೂರು ಕೋಟೆಯ ಸಮಗ್ರ ಇತಿಹಾಸ ಹುಡುಗನಿಗೆ ಅಂಗೈ ಮೇಲಿನ ನೆಲ್ಲಿಕಾಯಿಯಂತೆ ಎಂದು ಅವರು ಬರೆದದ್ದು ನನಗೆ ತಿಳಿದದ್ದು ಉತ್ತರ ಬಂದ ಮೇಲೆ. ಹುಡುಗಿಗೆ ತಂದೆ ಇರಲಿಲ್ಲವಾಗಿ ಬಳ್ಳಾರಿಯ ಸೋದರಮಾವ ವೀರಭದ್ರಪ್ಪನವರೇ ಯಜಮಾನರು. ಚಾಪೆ ಹಾಸಿ, ಅವಲಕ್ಕಿ ಕೊಟ್ಟು, ಹುಡುಗಿಯನ್ನು ಮೂಲೆಯಲ್ಲಿ ಕೂಡಿಸುವ ಹಳೆಯ ಪದ್ಧತಿ ಬೇಡ. ಬರುವ ಶುಕ್ರವಾರ ಹುಡುಗನೇ ನಮಗೆ ಕೋಟೆ ತೋರಿಸಲಿ, ಇಬ್ಬರೂ ಪರಸ್ಪರ ನೋಡಿದಂತಾಗುತ್ತದೆ ಎಂದು ಅವರು ಸೂಚಿಸಿದ್ದರು. ಇಷ್ಟು ಸುಧಾರಿತ ಮನುಷ್ಯ ನಮ್ಮ ಕಡೆ ಹುಟ್ಟಲಾರ ಎಂದು ದೊಡ್ಡಪ್ಪ ಮೆಚ್ಚಿಕೊಂಡರು. ನಾನು ಸಹೋದ್ಯೋಗಿಯೊಬ್ಬನಿಂದ ಕೋಟು ಎರವಲು ತಂದೆ. ಕೋಟೆಯ ಜ್ಞಾನವನ್ನು ಎರವಲು ಕೊಡುವವರು ಯಾರೂ ಸಿಗಲಿಲ್ಲ.

ಶುಕ್ರವಾರ, ನಿಜಾಮರ ರಾಜ್ಯದ ರಜಾದಿನ, ಪೆಟ್ರೋಲಿನ ಬರದಿಂದ ಇದ್ದಿಲಿನಲ್ಲಿ ಓಡುತ್ತಿದ್ದ ದೇವದುರ್ಗದ ಬಸ್ಸು ಮೂವರನ್ನು ಮಸಿ ಬಳಿದು ಇಳಿಸಿತು. ಸೋದರಮಾವ ಇಳಿದವರೇ ಸುತ್ತ ನೋಡಿ, “ಇದೇನ್ರೀ ನಿಮ್ಮ ಮೊಗಲಾಯಿ? ಬರೇ ಧೂಳ ಅದ. ನಮ್ಮ ಕಂಪನಿ ಸರ್ಕಾರದಾಗ ಹಿಂಗಿಲ್ಲ” ಎಂದರು. ನಿಜಾಮರ ಸೀಮೆ ಮೊಗಲಾಯಿಯಾದರೆ ಬ್ರಿಟಿಷರ ಬಳ್ಳಾರಿ ಕಂಪನಿ ಸರ್ಕಾರ; ಅಲ್ಲಿ ಧೂಳಿಗೂ ಪರವಾನಗಿ ಬೇಕೆಂದು ನಾನು ಅರಿತುಕೊಂಡೆ. ಹಿಂದೆ ಹುಡುಗಿಯ ತಾಯಿ, ಅವರ ಹಿಂದೆ ನೀಲಮ್ಮ. ಹಸಿರು ಇಳಕಲ್ ಸೀರೆ, ಹಣೆಯಲ್ಲಿ ವಿಭೂತಿ. ಮಸಿಯ ನಡುವೆ ಎರಡು ಶಾಂತವಾದ ಕಣ್ಣು. ದೊಡ್ಡಪ್ಪ ಮೊಣಕಾಲು ನೋವೆಂದು ಬೇವಿನ ಮರದ ಕೆಳಗೆ ಕುಳಿತರು, ತಾವು ಹಚ್ಚಿದ ಬೆಂಕಿಯಿಂದ ಸುರಕ್ಷಿತವಾದ ದೂರದಲ್ಲಿ.

ದರವಾಜದಲ್ಲಿ ನನ್ನ ಪಾಂಡಿತ್ಯ ಆರಂಭವಾಯಿತು. ಅಲ್ಲಿನ ಕಲ್ಲಿನಲ್ಲಿ ಹೆಡೆಯೆತ್ತಿದ ನಾಗನ ಕೆತ್ತನೆಯನ್ನು ಕಂಡು, ಈ ಬಾಗಿಲಿನಲ್ಲಿ ಸುಳ್ಳು ಹೇಳಿದವನನ್ನು ಆ ನಾಗ ಕಚ್ಚುತ್ತಿತ್ತೆಂದು ವಿವರಿಸಿದೆ. ನಾಗ ನನ್ನನ್ನು ಕಚ್ಚಲಿಲ್ಲವಾದ್ದರಿಂದ ಧೈರ್ಯ ಬಂತು. ಮುಂದೆ ಸಿಕ್ಕ ಪ್ರತಿಯೊಂದು ಕಮಾನಿಗೂ ಒಬ್ಬೊಬ್ಬ ರಾಣಿಯನ್ನು ದಯಪಾಲಿಸಿದೆ. ಕೆಲವು ರಾಣಿಯರು ವಿಷ ಕುಡಿದರು, ಒಬ್ಬಳು ಕೆರೆಗೆ ಹಾರಿದಳು. ಸೋದರಮಾವ ಒಂದಕ್ಕೂ ಸೋಲಲಿಲ್ಲ. “ನಮ್ಮ ಹಂಪ್ಯಾಗ ಇದರ ಹತ್ತರಷ್ಟು ಅದ,” ಎನ್ನುತ್ತಲೇ ಬಂದರು. ನಾನು ಒಬ್ಬ ರಾಣಿಯನ್ನು ಕೊಂದರೆ ಅವರು ಹಂಪಿಯಲ್ಲಿ ಹತ್ತು ಜನರನ್ನು ಕೊಲ್ಲುತ್ತಿದ್ದರು.

ಈ ಸ್ತ್ರೀಹತ್ಯೆಗಳ ನಡುವೆಯೂ ಒಂದು ಮಧುರವಾದ ಸಂಗತಿ ನನ್ನ ಗಮನಕ್ಕೆ ಬಂತು. ನಾನು ನಿಂತಲ್ಲೆಲ್ಲ ನೀಲಮ್ಮ ಸುತ್ತು ಹಾಕಿಯಾದರೂ ನನ್ನ ಎಡಗಡೆಗೇ ಬಂದು ನಿಲ್ಲುತ್ತಿದ್ದಳು. ವಾಮಭಾಗವು ಧರ್ಮಪತ್ನಿಯ ಸ್ಥಾನವೆಂದು ಶಾಸ್ತ್ರ ಹೇಳುತ್ತದೆ. ಹುಡುಗಿ ಆಗಲೇ ನಿಶ್ಚಯಿಸಿಬಿಟ್ಟಿದ್ದಾಳೆಂದು ತಿಳಿದು, ಎರವಲು ಕೋಟಿನೊಳಗೆ ನಾನು ಉಬ್ಬಿದೆ.

ಉಬ್ಬಿದವನು ಒಡೆದದ್ದು ಪಡುವಣ ಗೋಡೆಯ ಮುಂದೆ. ಅಲ್ಲಿ ಏಳು ಜನ ತಲೆಗೆ ಕಾಲು ಹಚ್ಚಿ ಮಲಗಬಹುದಾದಷ್ಟು ಉದ್ದದ ಒಂದೇ ಕಲ್ಲು, ಅದರ ಮೇಲೆ ಹಳೆಯ ಬರಹ. ನನಗೆ ಒಂದಕ್ಷರವೂ ತಿಳಿಯದಿದ್ದುದರಿಂದ ನಿರರ್ಗಳವಾಗಿ ಓದಿದೆ: ಸೋತ ಅರಸನು ಕಪ್ಪವಾಗಿ ಒಪ್ಪಿಸಿದ ಈ ಶಿಲೆಯನ್ನು ನೂರಾನೆಗಳು ಸೊಂಡಿಲಿನಿಂದೆತ್ತಿ ತಂದುವು, ಇತ್ಯಾದಿ. ಸೋದರಮಾವ ಹಂಪಿಯ ಇನ್ನೂರಾನೆಗಳನ್ನು ಹೊರಡಿಸುವ ಮೊದಲೇ, ಗೋಡೆಯ ಹತ್ತಿರ ಬಗ್ಗಿ ನೋಡುತ್ತಿದ್ದ ನೀಲಮ್ಮ ತಲೆಯೆತ್ತದೆ ಹೇಳಿದಳು:

“ಇಲ್ಲಿ ಬಂಡಿ ಕೆತ್ತ್ಯಾರ ನೋಡ್ರಿ. ಬಂಡಿ ಮ್ಯಾಲ ಈ ಕಲ್ಲ ಅದ. ಎಳಿಯಾಕತ್ತಿದ್ದು ಕ್ವಾಣ. ಆನಿ ಒಂದೂ ಇಲ್ಲ.”

ಹೌದು. ಬರಹದ ಪಕ್ಕದಲ್ಲೇ ಕೋಣಗಳ ಸಾಲು, ಅವುಗಳನ್ನು ಹೊಡೆಯುವ ಜನ, ಬಂಡಿಯ ಮೇಲೆ ಉದ್ದನೆಯ ಕಲ್ಲು. ನಾವಿಬ್ಬರು ಗಂಡಸರು ಮಾತಾಡುತ್ತಿದ್ದಾಗ ಅವಳು ಒಬ್ಬಳೇ ನೋಡುತ್ತಿದ್ದಳು. ಸೋದರಮಾವ ಗಹಗಹಿಸಿ ನಕ್ಕು, “ನಮ್ಮ ಹಂಪ್ಯಾಗ ಆದ್ರ ಆನೀನ ಇರತಿದ್ದವು!” ಎಂದರು. ಅಷ್ಟು ಹೊತ್ತು ಸುಮ್ಮನಿದ್ದ ತಾಯಿಗೆ ತಡೆಯಲಾಗಲಿಲ್ಲ. “ಅಣ್ಣಾ, ನೀ ಎತ್ತು ಮಾರಾಕ ಹೊಸಪ್ಯಾಟಿಗಿ ಹೋಗಿದ್ದು ನನಗ ಗೊತ್ತದ. ಹಂಪಿಗಿ ಯಾವಾಗ ಹೋಗಿದ್ದಿ?” ಅಲ್ಲಿಂದ ಗುಡ್ಡದ ಬುಡದವರೆಗೆ ಹಂಪಿಯ ಸುದ್ದಿ ಬರಲಿಲ್ಲ.

ಗುಡ್ಡ ಹತ್ತುವಾಗ ಸೋದರಮಾವ ಅರ್ಧದಲ್ಲೇ ಬಂಡೆಯೊಂದನ್ನು ಆಶ್ರಯಿಸಿದರು. ಮೇಲೆ ತಲುಪಿದಾಗ ತಾಯಿ ಪ್ರಸಾದದ ಸಕ್ಕರೆಗೆ ಫಾತಿಹಾ ಓದಿಸಲು ಅಲ್ಲಿನ ದರ್ಗಾದ ಒಳಗೆ ಹೋದರು. ಕೆಳಗೆ ಕೆರೆ, ಊರು, ರೈಲಿನ ಹೊಗೆ. ನೀಲಮ್ಮ ಮತ್ತೆ ನನ್ನ ಎಡಗಡೆಗೆ ಬಂದು ನಿಂತಳು.

“ಈ ಕೋಟಿ ಮೊದಲ ನೋಡೀರೇನು?”

ನಾಗನ ಬಾಗಿಲು ದಾಟಿ ಬಹಳ ದೂರ ಬಂದಿದ್ದೆ. “ಇಲ್ಲ,” ಎಂದೆ.

“ನಿಮ್ಮಂಗ ನಮ್ಮವರೂ ಸುಳ್ಳ ಹೇಳ್ಯಾರ,” ಎಂದಳು. “ನನಗ ಎಡಗಿವಿ ಕೇಳಸಂಗಿಲ್ಲ. ಸಣ್ಣಾಕಿ ಇದ್ದಾಗ ಜ್ವರ ಬಂದು ಹೋತು. ಮನ್ಯಾಗ ಕುಂತ್ರ ಗೊತ್ತಾಗ್ತದ ಅಂತ ಮಾಮಾ ಈ ಬಯಲಿಗಿ ಕರಕೊಂಡು ಬಂದಾನ. ಇಬ್ಬರು ಬಂದು ನೋಡಿ ಬ್ಯಾಡ ಅಂದು ಹೋಗ್ಯಾರ. ನೀವು ಲಗ್ನ ಆದ ಮ್ಯಾಲ ಅನ್ನೂದಕಿಂತ ಈಗ ಅಂದುಬಿಡ್ರಿ.”

ಸೋದರಮಾವನ ಸುಧಾರಣೆಯ ರಹಸ್ಯವೂ, ನನ್ನ ವಾಮಭಾಗದ ಶಾಸ್ತ್ರಾರ್ಥವೂ ಏಕಕಾಲಕ್ಕೆ ಬಯಲಾದವು. ಬಲಗಿವಿಯನ್ನು ನನ್ನ ಕಡೆಗಿಟ್ಟು, ಬೆಳಗಿನಿಂದ ನನ್ನ ಒಂದೊಂದು ಸುಳ್ಳನ್ನೂ ಆಕೆ ಶ್ರದ್ಧೆಯಿಂದ ಕೇಳಿಸಿಕೊಂಡಿದ್ದಳು. ನನ್ನ ಶಾಲೆಯಲ್ಲಿ ಎರಡು ಕಿವಿಯುಳ್ಳ ನಲವತ್ತು ಮಂದಿ ಇದ್ದರು. ಇಂಥ ಕೇಳುಗರು ಒಬ್ಬರೂ ಇರಲಿಲ್ಲ. ಏನಾದರೂ ಹೇಳಬೇಕೆನ್ನುವಷ್ಟರಲ್ಲಿ ತಾಯಿ ಹೊರಗೆ ಬಂದರು. ಇಳಿಯುವಾಗ ನನ್ನ ಬಾಯಿಂದ ಒಬ್ಬ ರಾಣಿಯೂ ಹೊರಡಲಿಲ್ಲ.

ಬೇವಿನ ಮರದ ಕೆಳಗೆ ದೊಡ್ಡಪ್ಪ ಎದ್ದು ನಿಂತು, “ಹೆಂಗಿತ್ರೀ ನಮ್ಮ ಹುಡುಗನ ವಿದ್ಯಾ?” ಎಂದು ಕೇಳಿದರು. ಸೋದರಮಾವ ಬಾಯಿ ತೆರೆಯುವ ಮೊದಲು ನಾನೇ ಹೇಳಿದೆ: “ದೊಡ್ಡಪ್ಪಾ, ನನಗ ಕೋಟೀದು ಏನೂ ಗೊತ್ತಿಲ್ಲ. ಇವತ್ತ ಮೊದಲನೇ ಸಲ ನೋಡೀನಿ. ಹೇಳಿದ್ದೆಲ್ಲಾ ಸುಳ್ಳು.”

ಅವಳ ಕಿವಿಯ ವಿಷಯ ಹೇಳುವ ಅಧಿಕಾರ ನನಗಿರಲಿಲ್ಲ. ನೀಲಮ್ಮ ತಾನೇ ದೊಡ್ಡಪ್ಪನ ಮುಂದೆ ಬಂದು, “ಯಪ್ಪಾ, ನನಗ ಎಡಗಿವಿ ಕೇಳಸಂಗಿಲ್ಲ,” ಎಂದಳು.

ಆ ಮರದ ಕೆಳಗೆ ನಡೆದ ಕದನವನ್ನು ಯಾವ ಶಾಸನವೂ ದಾಖಲಿಸಿಲ್ಲ. ಹುಡುಗ ಸುಳ್ಳುಗಾರ ಎಂದು ಸೋದರಮಾವ, ಹುಡುಗಿಯ ಐಬು ಮುಚ್ಚಿಟ್ಟಿರಿ ಎಂದು ದೊಡ್ಡಪ್ಪ. ಕಂಪನಿ ಸರ್ಕಾರವೂ ಮೊಗಲಾಯಿಯೂ ರುಮಾಲು ಬಿಚ್ಚಿ ಹೋರಾಡಿದವು. ಸತ್ಯದ ಪರವಾಗಿ ವಾದಿಸುತ್ತಿದ್ದ ಇಬ್ಬರೂ ಅಂದು ಬೆಳಗಿನವರೆಗೆ ಅದನ್ನು ಹೇಗೆ ಬಚ್ಚಿಟ್ಟಿದ್ದರೆಂಬುದು ಸೋಜಿಗ. “ನನಗ ಗೊತ್ತಾಗೇದ ದೊಡ್ಡಪ್ಪಾ, ನನ್ನ ಒಪ್ಪಿಗಿ ಅದ,” ಎಂದು ನಾನು ಮೂರು ಸಲ ಹೇಳಿದ್ದು ಯಾರಿಗೂ ಕೇಳಿಸಲಿಲ್ಲ. ಇಷ್ಟು ಕಿವುಡರ ನಡುವೆ ನೀಲಮ್ಮ ಒಬ್ಬಳೇ ಅದನ್ನು ಕೇಳಿ ತಲೆಯೆತ್ತಿದಳು.

ಕೊನೆಗೆ ತಾಯಿ ಅಣ್ಣನನ್ನು ಕೈಯಿಂದ ಸರಿಸಿ, ಮಗಳ ಮುಂದೆ ನಿಂತು, “ನೀ ಏನಂತೀಯವ್ವಾ?” ಎಂದು ಕೇಳಿದರು. ಅಲ್ಲಿಯವರೆಗಿನ ಪತ್ರವ್ಯವಹಾರದಲ್ಲಿ ಈ ಪ್ರಶ್ನೆ ಒಮ್ಮೆಯೂ ಬಂದಿರಲಿಲ್ಲ.

“ಗೊತ್ತಿಲ್ಲ ಅಂತ ನಾಕ ಮಂದಿ ಮುಂದ ಹೇಳಾಕ ಬರ್ತದ ಇವರಿಗೆ,” ಎಂದಳು ನೀಲಮ್ಮ. “ನನಗ ಸಾಕು.”

ತಾಯಿ ಕಣ್ಣೊರೆಸಿಕೊಂಡು, ಸೆರಗಿನ ಗಂಟು ಬಿಚ್ಚಿ, ದರ್ಗಾದ ಸಕ್ಕರೆಯನ್ನು ಮೊದಲು ಮಗಳ ಕೈಗೆ, ಆಮೇಲೆ ನನ್ನ ಕೈಗೆ ಹಾಕಿದರು. ಉಳಿದದ್ದನ್ನು ಇನ್ನೂ ಕೂಗಾಡುತ್ತಿದ್ದ ಇಬ್ಬರು ಯಜಮಾನರ ಬಾಯಿಗೇ ಸುರಿದರು. ಯುದ್ಧದ ಕಾಲ; ಸಕ್ಕರೆಗೆ ಬರ. ಉಗುಳಿ ಜಗಳ ಮುಂದುವರಿಸುವ ಧೈರ್ಯ ಇಬ್ಬರಿಗೂ ಬರಲಿಲ್ಲ.