ಸ್ಪ್ಯಾನರಿನ ಕುಲಗೋತ್ರ

ನನ್ನ ಹಾರ್ಡ್‌ವೇರ್ ಅಂಗಡಿಗೆ ಈ ಮೆಕ್ಯಾನಿಕ್ ಕಾಲಿಟ್ಟರೆ ನನಗೆ ತಲೆ ಚಿಟ್ಟು ಹಿಡಿಯುತ್ತದೆ. ಇದ್ದಬದ್ದ ಸ್ಪ್ಯಾನರುಗಳನ್ನೆಲ್ಲ ಹರವಿಸಿ, ಒಂದೊಂದನ್ನೂ ಬೋಲ್ಟಿಗೆ ಹಾಕಿ ಅಲುಗಾಡಿಸಿ, ಕುಲಗೋತ್ರ ವಿಚಾರಿಸುತ್ತಾನೆ. "ಜರ್ಮನಿದು ಗಟ್ಟಿ, ಆದ್ರೆ ರೇಟು ಕೇಳಿದ್ರೆ ಎದೆ ಒಡೆಯುತ್ತೆ. ತೈವಾನಿಂದು ಪರವಾಗಿಲ್ಲ. ಇದೆಲ್ಲಿದು ಸ್ವಾಮಿ, ದೇಶದ ಹೆಸರೇ ಇಲ್ಲ?" ಎರಡು ಗಂಟೆ ನನ್ನ ಜೀವ ತಿಂದು, "ಇನ್ನೊಮ್ಮೆ ಬರ್ತೀನಿ" ಎಂದು ಬರಿಗೈಯಲ್ಲಿ ಹೋಗುತ್ತಾನೆ. ವರ್ಷಗಳಿಂದ ಇದೇ ಗೋಳು. ನಿನ್ನೆ ಮಾತ್ರ ಬಂದವನೇ ಜರ್ಮನಿಯ ಇಡೀ ಸೆಟ್ಟು ಕಟ್ಟಲು ಹೇಳಿದ. "ಏನಪ್ಪಾ, ಲಾಟರಿ ಹೊಡೀತಾ?" ಎಂದೆ. "ಮಗಳಿಗೆ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಕೆಲಸ ಸಿಕ್ತು ಸ್ವಾಮಿ," ಎಂದು ತನ್ನ ಗೆಣ್ಣುಗಳ ಮೇಲಿನ ಗಾಯದ ಕಲೆಗಳನ್ನು ತೋರಿಸಿದ. "ಅಗ್ಗದ ಸ್ಪ್ಯಾನರು ಜಾರಿ ಜಾರಿ ಆಗಿದ್ದಿದು. ಅವಳಿಗೆ ಇಂಥ ಕೈ ಬೇಡ."