ಡೇರೆ ಗೆಡ್ಡೆಯೂ ನನ್ನ ನಕಾಶೆಯೂ

ಇಪ್ಪತ್ತೆರಡು ವರ್ಷಗಳಿಂದ ನನ್ನ ಕಸುಬು ಕಳೆಗಳದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಾಡುಗಳಿಗೆ ಹೊರದೇಶದ ಗಿಡಬಳ್ಳಿ ಎಲ್ಲೆಲ್ಲಿ ನುಗ್ಗಿವೆ, ಮಳೆ ಬಿಸಿಲು ಏರುಪೇರಾದರೆ ಇನ್ನೆಲ್ಲಿಗೆ ಹೋದಾವು ಎಂದು ಹುಡುಕಿ ಬರೆಯುವುದು. ಬನವಾಸಿಯ ನಮ್ಮವ್ವ ಪಾರ್ವತವ್ವನಿಗೆ ಇದು ಇಂದಿಗೂ ಕೆಲಸ ಅನ್ನಿಸಿಲ್ಲ. "ಗಿರೀಶ ಕಸಾ ಕೀಳಂಗಿಲ್ಲ, ಬರೇ ಎಣಸ್ತಾನ" ಎಂದು ಬಂದವರಿಗೆಲ್ಲ ಹೇಳುತ್ತಾಳೆ.

ಎಣಿಸಲು ಹೋದ ಊರುಗಳಲ್ಲಿ ಊಟ ಹಾಕುವ ಮನೆಗಳಿವೆ. ಬರಿಗೈಲಿ ಹೋಗಬಾರದೆಂದು ಹೆಂಡತಿ ಮಹೇಶ್ವರಿ ನಮ್ಮ ಶಿರಸಿ ಮನೆಯ ಹಿತ್ತಲಿಂದ ಡೇರೆ ಹೂವಿನ, ಅಂದರೆ ಡೇಲಿಯಾದ, ಗೆಡ್ಡೆಗಳನ್ನು ಮಣ್ಣು ಸಮೇತ ಕಟ್ಟಿಕೊಡುತ್ತಿದ್ದಳು. ಇಲ್ಲಿನ ಹೆಂಗಸರಿಗೆ ಹೊಸ ಬಣ್ಣದ ಡೇರೆ ಎಂದರೆ ಪ್ರಾಣ. ನಿಲ್ಕುಂದದ ದುರ್ಗಿಯಂತೂ ಕೆಂಪು ಡೇರೆ ಸಿಕ್ಕ ದಿನ ನನಗೆ ಎರಡು ಸಲ ಪಾಯಸ ಬಡಿಸಿದ್ದಳು.

ಹೋದ ವರ್ಷ ದುರ್ಗಿಯೇ ಫೋನ್ ಮಾಡಿದಳು. "ಸರ್, ಎಂತದೋ ಬಳ್ಳಿ ಬಂದು ನಮ್ಮ ಸೊಪ್ಪಿನ ಬೆಟ್ಟ ಪೂರಾ ಮುಚ್ಚಾಕಿದೆ. ಕೊಟ್ಟಿಗೆಗೆ ಹಾಸೋಕೆ ಸೊಪ್ಪಿಲ್ಲ. ಸೊಪ್ಪಿಲ್ಲದೆ ಗೊಬ್ಬರ ಎಲ್ಲಿಂದ? ನೀವೇ ಏನಾದ್ರೂ ಮಾಡ್ಬೇಕು."

ಅದೇ ಬಳ್ಳಿ ಭೈರುಂಬೆಯಲ್ಲೂ ಹೆಗಡೆಕಟ್ಟಾದಲ್ಲೂ ಸಿಕ್ಕಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನನಗೆ ಖುಷಿಯಾಯಿತು. ಹವಾಮಾನ ಬದಲಾವಣೆಗೆ ಇನ್ನೆಂಥ ಸಾಕ್ಷಿ ಬೇಕು? ಮೂವತ್ತು ಪುಟ ಬರೆದು, ನಕಾಶೆಯಲ್ಲಿ ಹನ್ನೊಂದು ಚುಕ್ಕೆ ಇಟ್ಟು ಊಟದ ಮೇಜಿನ ಮೇಲೆ ಹರವಿದೆ.

ಮಹೇಶ್ವರಿ ಚಹಾ ಇಡುತ್ತ ಬಗ್ಗಿ ನೋಡಿದಳು. "ಇವೆಲ್ಲಾ ನಾವು ಡೇರೆ ಕೊಟ್ಟ ಮನಿ ಅಲ್ಲೇನ್ರಿ?"

ಚುಕ್ಕೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿದೆ; ಹನ್ನೊಂದೂ ಹೌದು. ಹೇಗೆ ಬೆಳೆಯುತ್ತದೆ ನೋಡೋಣ ಎಂದು ವರ್ಷಗಳ ಹಿಂದೆ ಆ ಬಳ್ಳಿಯನ್ನು ಕಾಡಿಂದ ತಂದು, ಡೇರೆ ಸಾಲಿನ ಪಕ್ಕದ ಕುಂಡದಲ್ಲಿ ನೆಟ್ಟವನು ನಾನೇ. ಅದರ ಬೆರಳುದ್ದದ ತುಂಡು ಮಣ್ಣಿಗೆ ಬಿದ್ದರೂ ಬೇರು ಬಿಡುತ್ತದೆಂದು ಊರೂರಲ್ಲಿ ಪಾಠ ಹೇಳುವವನೂ ನಾನೇ. ಮೂವತ್ತು ಪುಟ ತಿರುವಿ ನೋಡಿದೆ. ನನ್ನ ಹೆಸರು ಮೊದಲ ಪುಟದಲ್ಲಿ ಮಾತ್ರ ಇತ್ತು, ಬರೆದವನೆಂದು.

ಮರುದಿನ ನಿಲ್ಕುಂದಕ್ಕೆ ಹೋಗಿ ದುರ್ಗಿಯ ಮುಂದೆ ಎಲ್ಲ ಒಪ್ಪಿಕೊಂಡೆ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಒಳಗೆ ಹೋಗಿ ಗುದ್ದಲಿಯನ್ನೂ ಗೋಣಿಚೀಲವನ್ನೂ ತಂದು ನನ್ನ ಕೈಗಿಟ್ಟಳು.

"ಬಳ್ಳಿ ಕೀಳಿ. ಡೇರೆ ಮುಟ್ಬೇಡಿ, ಅದು ಮಹೇಶ್ವರಿ ಅಕ್ಕ ಕೊಟ್ಟದ್ದು."

ಅಂದಿನಿಂದ ಪ್ರತಿ ಶನಿವಾರ ಕೀಳುತ್ತಿದ್ದೇನೆ. ಮಗ ಕಡೆಗೂ ದುಡಿಯತೊಡಗಿದನೆಂದು ಅವ್ವನಿಗೆ ಸಮಾಧಾನ. ಬೆಟ್ಟದ ಒಂದು ಮೂಲೆ ಬಿಡುಗಡೆಯಾದ ದಿನ ದುರ್ಗಿ ಮಜ್ಜಿಗೆ ತಂದುಕೊಟ್ಟಳು. ನನಗೆ ಕಣ್ಣು ತುಂಬಿ ಬಂತು.

"ಹೇಳೋಕೆ ಮರ್ತೆ ಸರ್," ಎಂದಳು. "ಆ ಗೆಡ್ಡೆ ಒಡೆದು ಯಲ್ಲಾಪುರದ ಮಗಳಿಗೂ ಕೊಟ್ಟಿದ್ದೆ. ಅವಳು ನಾದಿನಿಗೆ ಕೊಟ್ಟಿದಾಳಂತೆ."

ನಾನು ಮಜ್ಜಿಗೆ ಕುಡಿದು ಮುಗಿಸಿ, ಯಲ್ಲಾಪುರಕ್ಕೆ ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿದೆ.